ಅಜ್ಜನ ಪೆಟ್ಟಿಗೆಯ ಟಿಬೆಟ್ ಸಂತೆ ಫೋಟೊ: ಇದು ಲ್ಹಾಸಾವೇ, ಒರೆಸಬಹುದೇ, ಮಾರಬಹುದೇ?

ಪ್ರಶ್ನೆ: ನಾನು ಕುಮಟಾ ಕಡೆಯವಳು, ಪ್ರೌಢಶಾಲೆಯಲ್ಲಿ ಶಿಕ್ಷಕಿ. ನನ್ನ ಅಮ್ಮನ ಅಪ್ಪ ಅಂಚೆ ಮತ್ತು ತಂತಿ ಇಲಾಖೆಯಲ್ಲಿದ್ದರು. 1951ರ ಹೊತ್ತಿಗೆ ಎರಡು ವರ್ಷ ಟಿಬೆಟ್‌ನ ಗ್ಯಾಂತ್ಸೆ ಅಂಚೆ ಕಚೇರಿಯಲ್ಲಿ ಕೆಲಸ ಮಾಡಿದ್ದರಂತೆ. ಅವರ ತಗಡಿನ ಪೆಟ್ಟಿಗೆಯಲ್ಲಿ ಪೋಸ್ಟ್‌ಕಾರ್ಡ್ ಅಳತೆಯ ಒಂದು ಕಪ್ಪು-ಬಿಳುಪು ಫೋಟೊ ಸಿಕ್ಕಿದೆ. ಒಂದು ಸಂತೆ ಬೀದಿ, ನೆಲದ ಮೇಲೆ ಕೂತು ಮಾರುವ ಹೆಂಗಸರು, ಕಪ್ಪು ಬಟ್ಟೆಯ ಸನ್ಯಾಸಿಗಳು, ಹಿಂದೆ ಮಸುಕಾಗಿ ಒಂದು ಬೌದ್ಧ ಮಠ. ಕೆಳಗೆ ಬಿಳಿ ಅಕ್ಷರದಲ್ಲಿ 'ಲ್ಹಾಸಾ ಬಜಾರ್' ಅಂತ ಇಂಗ್ಲಿಷಿನಲ್ಲಿದೆ. ಬೆನ್ನಿಗೆ ಅಜ್ಜ ಪೆನ್ಸಿಲ್‌ನಲ್ಲಿ 'ಬೆಣ್ಣೆ ತರುತ್ತಿದ್ದುದು ಇಲ್ಲಿಂದ' ಅಂತ ಕನ್ನಡದಲ್ಲಿ ಬರೆದಿದ್ದಾರೆ. ಹಳೆಯ ವಸ್ತು ಕೊಳ್ಳುವವರೊಬ್ಬರು ನೋಡಿ, ಇದು 1904ರದ್ದು, ಲ್ಹಾಸಾದ ಮೊದಲ ಫೋಟೊಗಳಲ್ಲಿ ಒಂದು, ಒಳ್ಳೇ ಬೆಲೆ ಬರುತ್ತದೆ, ಆದರೆ ಹಿಂದಿನ ಪೆನ್ಸಿಲ್ ಬರಹ ಅಳಿಸಿ, ಅಂಚಿನ ನೀಲಿ ಹೊಳಪನ್ನೂ ಬೂಸ್ಟನ್ನೂ ಒರೆಸಿ ಕೊಡಿ ಅಂದರು. ಮನೆಯವರು ಲ್ಯಾಮಿನೇಷನ್ ಮಾಡಿಸೋಣ ಅನ್ನುತ್ತಾರೆ. ಮಗ ಮೊಬೈಲ್ ಆ್ಯಪ್‌ನಲ್ಲಿ ಬಣ್ಣ ಹಾಕಿಸಿದ್ದಾನೆ, ಅದರಲ್ಲಿ ಮುಖಗಳೆಲ್ಲ ಸ್ಪಷ್ಟವಾಗಿವೆ. ಆದರೆ ಅಲ್ಲಿ ಸನ್ಯಾಸಿಗಳು ಕೆಂಪು ಹಾಕುವುದಲ್ಲವೇ? ಕಪ್ಪು ಯಾಕೆ? ಮುಖಗಳು ಕದಡಿರುವುದು ಯಾಕೆ? ಕ್ಯಾಮೆರಾ ಆತ್ಮ ಕದಿಯುತ್ತದೆ ಅಂತ ಹೆದರಿ ಓಡಿದ್ದರು ಅಂತ ಓದಿದ್ದೆ, ನಿಜವೇ? ಫೋಟೊದ ಎರಡೂ ಬದಿಯ ಚಿತ್ರ ಕಳಿಸಿದ್ದೇನೆ.

ಉತ್ತರ: ಮೊದಲು ಒಂದು ಮಾತು. ದಯವಿಟ್ಟು ರಬ್ಬರ್ ತೆಗೆದುಕೊಳ್ಳಬೇಡಿ. ಒದ್ದೆ ಬಟ್ಟೆಯೂ ಬೇಡ, ಲ್ಯಾಮಿನೇಷನ್ ಅಂಗಡಿಯೂ ಬೇಡ. ಈ ಪತ್ರ ಓದಿ ಮುಗಿಸುವ ತನಕ ಆ ಫೋಟೊ ಎಲ್ಲಿದೆಯೋ ಅಲ್ಲೇ ಇರಲಿ. ನಿಮಗೆ ಅಳಿಸಲು ಹೇಳಿದ್ದಾರಲ್ಲ, ಆ ಪೆನ್ಸಿಲ್ ಸಾಲು, ಆ ಅಂಚಿನ ಹೊಳಪು, ಹಿಂದಿನ ಮಸುಕು ಮಠ, ನನ್ನ ಕಣ್ಣಿಗೆ ಈ ಫೋಟೊದಲ್ಲಿ ಹೆಚ್ಚು ಬೆಲೆಯುಳ್ಳವು ಅವೇ.

ಸಣ್ಣ ಉತ್ತರ ಕೇಳಿದರೆ ಹೀಗೆ: ಇದು ಲ್ಹಾಸಾ ಅಲ್ಲ, ಗ್ಯಾಂತ್ಸೆ. 1904ರದ್ದೂ ಅಲ್ಲ, ಅದಕ್ಕಿಂತ ಕನಿಷ್ಠ 20-25 ವರ್ಷ ಈಚಿನದು ಅನ್ನಿಸುತ್ತದೆ. ನಿಮ್ಮ ಅಜ್ಜನಿಗೆ ಇದು ಯಾವ ಊರು ಅಂತ ಚೆನ್ನಾಗಿ ಗೊತ್ತಿತ್ತು. ತಪ್ಪಿರುವುದು ಅಚ್ಚಿನ ಅಕ್ಷರ, ಪೆನ್ಸಿಲ್ ಅಲ್ಲ.

ಯಾಕೆ ಅಂತ ಹೇಳ್ತೀನಿ. ಲ್ಹಾಸಾದ ಸಂತೆ ಬೀದಿ ಅಂದರೆ ಬಾರ್ಖೋರ್. ಅದು ಜೋಖಾಂಗ್ ದೇವಾಲಯದ ಸುತ್ತ ಹೋಗುವ ಪ್ರದಕ್ಷಿಣೆಯ ದಾರಿ. ನಮ್ಮ ರಥಬೀದಿಯ ಹಾಗೆ ಅಂದುಕೊಳ್ಳಿ: ಭಕ್ತರು ಸುತ್ತು ಬರುವ ದಾರಿಯಲ್ಲೇ ಅಂಗಡಿಗಳೂ ಇವೆ. ಅಲ್ಲಿ ನೇಪಾಳದ ನೇವಾರರು, ಕಾಶ್ಮೀರಿ ಮುಸ್ಲಿಮರು, ಲಡಾಖಿನವರು, ಚೀನೀಯರು ಎಲ್ಲರೂ ವ್ಯಾಪಾರ ಮಾಡುತ್ತಿದ್ದರು. ಅದು ಸಮತಟ್ಟಾದ ಜಾಗ, ಎರಡು ಮೂರು ಅಂತಸ್ತಿನ ಬಿಳಿ ಮನೆಗಳು ಒತ್ತೊತ್ತಾಗಿ ನಿಂತಿವೆ, ಬೀದಿಯ ಬೆನ್ನಿಗೇ ಗುಡ್ಡ ಇಲ್ಲ. ನಿಮ್ಮ ಫೋಟೊ ನೋಡಿ. ಬೀದಿಯ ತುದಿಯಲ್ಲೇ ಗುಡ್ಡ ಏಳುತ್ತದೆ, ಆ ಗುಡ್ಡದ ನೆತ್ತಿಯ ಮೇಲೆ ಹಾವಿನ ಹಾಗೆ ಒಂದು ಕೋಟೆಗೋಡೆ ಹತ್ತಿ ಇಳಿಯುತ್ತದೆ, ಗೋಡೆಯ ಒಳಗೆ ಎಡಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಬಿಳಿ ಕಟ್ಟಡ, ಅದರ ಮೇಲೆ ಗುಮ್ಮಟದಂಥದ್ದು ಕಾಣುತ್ತದೆ ಅಲ್ವಾ? ಅದು ಗ್ಯಾಂತ್ಸೆಯ ಕುಂಬುಂ ಸ್ತೂಪ. 15ನೇ ಶತಮಾನದ ಕಟ್ಟಡ. ಸುತ್ತ ಇರುವುದು ಪಾಲ್ಖೋರ್ ಚೋದೆ ಮಠ, 1418ರಲ್ಲಿ ಶುರುವಾದದ್ದು. ಮಠದ ಹೆಬ್ಬಾಗಿಲಿನಿಂದ ಊರಿನ ಕಡೆ ಇಳಿಯುವ ದಾರಿಯಲ್ಲೇ ಗ್ಯಾಂತ್ಸೆಯ ಸಂತೆ ಸೇರುತ್ತಿತ್ತು. ಕ್ಯಾಮೆರಾದವರು ಗ್ಯಾಂತ್ಸೆಯ ಕೋಟೆ ನಿಂತಿರುವ ಬಂಡೆಯ ಕಡೆ ಬೆನ್ನು ಮಾಡಿ ಮಠದ ಕಡೆ ಮುಖ ಮಾಡಿ ನಿಂತಿದ್ದಾರೆ.

ಇನ್ನೊಂದು ಸಾಕ್ಷಿ ಹೆಂಗಸರ ತಲೆಯ ಮೇಲಿದೆ. ಮುಂದುಗಡೆ ಬುಟ್ಟಿ ಇಟ್ಟುಕೊಂಡು ಕೂತವರ ತಲೆಯ ಮೇಲೆ ದೊಡ್ಡ ಬಿಲ್ಲಿನ ಹಾಗೆ ಬಾಗಿದ ಆಭರಣ ಇದೆ. ಅದು ತ್ಸಾಂಗ್ ಸೀಮೆಯ ಹೆಂಗಸರು ತೊಡುವ ರೀತಿ. ಗ್ಯಾಂತ್ಸೆ, ಶಿಗಾತ್ಸೆ ಎರಡೂ ಆ ಸೀಮೆಯವು. ಲ್ಹಾಸಾದ ಹೆಂಗಸರದ್ದು ಹವಳ ಕೂರಿಸಿದ ಮುಕ್ಕೋನದ ಆಕಾರ. ಸಂತೆಗೆ ಬೇರೆ ಊರಿನವರೂ ಬರುತ್ತಾರೆ ನಿಜ, ಒಬ್ಬರ ತಲೆ ನೋಡಿ ಊರು ಹೇಳಲು ಆಗುವುದಿಲ್ಲ. ಆದರೆ ಇಲ್ಲಿ ಐದಾರು ಜನ ಒಂದೇ ರೀತಿ ತೊಟ್ಟಿದ್ದಾರೆ, ಹಿಂದೆ ಕುಂಬುಂ ಬೇರೆ ಇದೆ. ಅನುಮಾನಕ್ಕೆ ಜಾಗವಿಲ್ಲ.

ಹಾಗಾದರೆ 'ಲ್ಹಾಸಾ' ಅಂತ ಯಾಕೆ ಬರೆದರು? ಕಲಿಂಪಾಂಗ್, ಡಾರ್ಜಿಲಿಂಗ್ ಕಡೆ ಮಾರಿದ ಟಿಬೆಟ್ ಚಿತ್ರಗಳನ್ನು ನಾನು ಬಹಳ ನೋಡಿದ್ದೇನೆ. ಅದರಲ್ಲಿ ಗ್ಯಾಂತ್ಸೆ, ಫಾರಿ, ಯಾತುಂಗ್ ಎಲ್ಲಕ್ಕೂ 'ಲ್ಹಾಸಾ' ಅಂತ ಹೆಸರು ಹಾಕಿದ್ದು ಮತ್ತೆ ಮತ್ತೆ ಸಿಗುತ್ತದೆ. ಕೊಳ್ಳುವ ಪ್ರವಾಸಿಗೆ ಗೊತ್ತಿದ್ದ ಹೆಸರು ಅದೊಂದೇ. ಇಲ್ಲಿ ಇನ್ನೂ ಒಂದು ವಿಷಯ ಇದೆ. ಭಾರತದ ಕಡೆಯಿಂದ ಹೋದವರಲ್ಲಿ ಬಹುಪಾಲು ಜನ ಗ್ಯಾಂತ್ಸೆಯ ತನಕ ಮಾತ್ರ ಹೋಗಲು ಸಾಧ್ಯವಿತ್ತು. ಬ್ರಿಟಿಷರು ಟಿಬೆಟ್ ಜೊತೆ ಮಾಡಿಕೊಂಡ 1904ರ ಒಪ್ಪಂದದ ನಂತರ ಅಲ್ಲಿ ಬ್ರಿಟಿಷ್ ವ್ಯಾಪಾರ ಪ್ರತಿನಿಧಿ, ಸಣ್ಣ ಸೇನಾ ತುಕಡಿ, ಅಂಚೆ-ತಂತಿ ಕಚೇರಿ ಬಂದವು. ಲ್ಹಾಸಾ ಅಲ್ಲಿಂದ ರಸ್ತೆಯಲ್ಲಿ ಸುಮಾರು 250 ಕಿಲೋಮೀಟರ್ ಆಚೆ, ಅಲ್ಲಿಗೆ ಹೋಗಲು ಬೇರೆಯೇ ಅನುಮತಿ ಬೇಕು. ಹಾಗಾಗಿ ಆ ಕಾಲದ 'ಟಿಬೆಟ್ ಸಂತೆ' ಫೋಟೊ ಯಾರಾದರೂ ತಂದು ತೋರಿಸಿದರೆ ನಾನು ಮೊದಲು ಹುಡುಕುವುದು ಆ ಗುಡ್ಡದ ಗೋಡೆಯನ್ನೇ.

ಇನ್ನು 1904 ಮತ್ತು 'ಮೊದಲ ಫೋಟೊ' ಅನ್ನುವ ಮಾತು. ಲ್ಹಾಸಾದ ಮೊದಲ ಫೋಟೊಗಳು 1904ರವೂ ಅಲ್ಲ. 1900-01ರಲ್ಲೇ ರಷ್ಯಾದ ಬುರಿಯಾತ್ ಬೌದ್ಧ ವಿದ್ವಾಂಸ ತ್ಸಿಬಿಕೋವ್ ಯಾತ್ರಿಕನಾಗಿ ಹೋಗಿ ಗುಟ್ಟಾಗಿ ಫೋಟೊ ತೆಗೆದಿದ್ದರು, ಅದೇ ಹೊತ್ತಿಗೆ ಕಲ್ಮಿಕ್ ಜನಾಂಗದ ನೋರ್ಜುನೋವ್ ಕೂಡ ತೆಗೆದಿದ್ದರು. ಆ ಚಿತ್ರಗಳು 1905ರ ಜನವರಿಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯಲ್ಲಿ ಬಂದವು. 1903-04ರಲ್ಲಿ ಯಂಗ್‌ಹಸ್ಬೆಂಡ್ ಮುಂದಾಳುತನದಲ್ಲಿ ಬ್ರಿಟಿಷ್ ಸೇನೆ ಟಿಬೆಟ್‌ಗೆ ನುಗ್ಗಿತಲ್ಲ, ಆಗ ಅಧಿಕಾರಿಗಳ ಕೈಯಲ್ಲಿ ಕ್ಯಾಮೆರಾಗಳು ಬೇಕಾದಷ್ಟು ಇದ್ದವು. ಸಿಕ್ಕಿಂನಲ್ಲಿ ಬ್ರಿಟಿಷರ ಪ್ರತಿನಿಧಿಯಾಗಿದ್ದ ಜಾನ್ ಕ್ಲಾಡ್ ವೈಟ್ ತೆಗೆದ ಚಿತ್ರಗಳನ್ನು ಕಲ್ಕತ್ತೆಯ ಜಾನ್‌ಸ್ಟನ್ ಅಂಡ್ ಹಾಫ್‌ಮನ್ ಸ್ಟುಡಿಯೊ ಆಲ್ಬಂ ಮಾಡಿ ಹೊರತಂದಿತು. ಗ್ಯಾಂತ್ಸೆಯ ಕೋಟೆ ಬಿದ್ದದ್ದು 1904ರ ಜುಲೈ 6ರಂದು. ಅಂದರೆ ಆ ವರ್ಷದ ಫೋಟೊಗಳ ಹಿಂದೆ ಯುದ್ಧ ಇದೆ, ಸತ್ತವರಿದ್ದಾರೆ. ಅದನ್ನು ಮರೆತು ಅವನ್ನು ಸುಮ್ನೆ ಪ್ರವಾಸದ ಚಿತ್ರಗಳ ಹಾಗೆ ನೋಡುವುದು ನನ್ನಿಂದ ಆಗುವುದಿಲ್ಲ.

ನಿಮ್ಮ ಫೋಟೊ ಆ ವರ್ಷದ್ದಲ್ಲ ಅನ್ನಲು ಎರಡು ಗುರುತು ಇವೆ. ಬಲಗಡೆ ಮನೆಯ ಮೂಲೆಯಲ್ಲಿ ಒಂದು ಕಂಬ ಇದೆ. ಟಿಬೆಟ್ ಬೀದಿಗಳಲ್ಲಿ ಮಂತ್ರದ ಬಾವುಟ ಕಟ್ಟಿದ ಎತ್ತರದ ಕಂಬಗಳು ಇರುತ್ತವೆ, ನಾನು ಮೊದಲು ಅದೇ ಅಂದುಕೊಂಡೆ. ಹಿಗ್ಗಿಸಿ ನೋಡಿದರೆ ಮೇಲೆ ಅಡ್ಡಪಟ್ಟಿಯೂ ಪಿಂಗಾಣಿ ಬಟ್ಟಲಿನಂಥ ಎರಡು ಚುಕ್ಕಿಯೂ ಕಾಣುತ್ತವೆ. ಟೆಲಿಗ್ರಾಫ್‌ನ ತಂತಿ ಕಂಬ. ತಂತಿ ಗ್ಯಾಂತ್ಸೆಗೆ ಬಂದದ್ದು 1904ರಲ್ಲಿ, ಸೇನೆಯ ಬೆನ್ನಿಗೆ. ಲ್ಹಾಸಾಕ್ಕೆ ಮುಟ್ಟಿದ್ದು 1922ರಲ್ಲಿ. ಬರೀ ಕಂಬ ನೋಡಿದರೆ 1904 ಅಥವಾ ಅದರ ನಂತರ ಅನ್ನಬಹುದು ಅಷ್ಟೇ. ಆದರೆ ಎಡಗಡೆ ಕುದುರೆಯ ಪಕ್ಕ ನಿಂತ ಗಂಡಸಿನ ತಲೆಯ ಮೇಲೆ ಅಂಚು ಬಾಗಿದ ಫೆಲ್ಟ್ ಹ್ಯಾಟು ಇದೆ ನೋಡಿ. ಕಲ್ಕತ್ತೆಯಿಂದ ಕಲಿಂಪಾಂಗ್ ದಾರಿಯಲ್ಲಿ ಹೇಸರಗತ್ತೆ ಮೇಲೆ ಬರುತ್ತಿದ್ದ ಈ ಹ್ಯಾಟುಗಳು 1930ರ ಹೊತ್ತಿಗೆ ಟಿಬೆಟಿಗರಿಗೆ ಬಹಳ ಇಷ್ಟವಾಗಿದ್ದವು. ಹಾಗಾಗಿ 1930ರಿಂದ ನಿಮ್ಮ ಅಜ್ಜ ವಾಪಸ್ ಬಂದ ವರ್ಷದ ಒಳಗೆ ಅನ್ನುವುದು ನನ್ನ ಅಂದಾಜು.

ಕಾಗದವನ್ನೂ ಕೇಳಬೇಕು. ಯಾಕಂದ್ರೆ ನೆಗೆಟಿವ್ ಹಳೆಯದಾಗಿ, ಪ್ರಿಂಟ್ ಮೊನ್ನೆಯದಾಗಿರಬಹುದು. ಎರಡು ಪರೀಕ್ಷೆ ನೀವೇ ಮನೆಯಲ್ಲಿ ಮಾಡಬಹುದು, ಫೋಟೊಗೆ ಏನೂ ಆಗುವುದಿಲ್ಲ. ಒಂದು, ಒಳ್ಳೇ ಭೂತಗನ್ನಡಿಯಲ್ಲಿ ನೋಡಿ. ಸಾಲು ಸಾಲು ಚುಕ್ಕಿ ಕಂಡರೆ ಅದು ಪತ್ರಿಕೆಯ ಚಿತ್ರದ ಹಾಗೆ ಅಚ್ಚು ಹಾಕಿದ್ದು, ಬಣ್ಣಬಣ್ಣದ ಪುಡಿ ಕಂಡರೆ ಇಂಕ್‌ಜೆಟ್. ಚುಕ್ಕಿ ಇಲ್ಲದೆ ಬಣ್ಣ ಹೊಗೆಯ ಹಾಗೆ ನಯವಾಗಿ ಕರಗಿದರೆ ನಿಜವಾದ ಫೋಟೊ ಪ್ರಿಂಟ್. ಎರಡು, ಅಂಗಡಿಗಳಲ್ಲಿ ನೋಟು ಪರೀಕ್ಷೆ ಮಾಡುವ ನೇರಳೆ ದೀಪ ಇರುತ್ತದಲ್ಲ, ಕತ್ತಲಲ್ಲಿ ಅದನ್ನು ಫೋಟೊದ ಬೆನ್ನಿಗೆ ಒಂದೆರಡು ಕ್ಷಣ ಹಿಡಿಯಿರಿ. ಕಾಗದ ಹೊಸ ಬಿಳಿ ಅಂಗಿಯ ಹಾಗೆ ನೀಲಿಯಾಗಿ ಹೊಳೆದರೆ ಅದರಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಇದೆ ಅಂತ ಅರ್ಥ. ಅದು ಫೋಟೊ ಕಾಗದಕ್ಕೆ ಬಂದದ್ದು 1950ರ ದಶಕದ ಮಧ್ಯದ ಹೊತ್ತಿಗೆ. ಹೊಳೆದರೆ ಅಜ್ಜ ಅಲ್ಲಿಂದ ತಂದದ್ದು ಅನ್ನುವ ಮಾತು ಕಷ್ಟವಾಗುತ್ತದೆ. ಹೊಳೆಯದಿದ್ದರೆ ಹಳೆಯದು ಅಂತ ಖಚಿತವಾಗುವುದಿಲ್ಲ, ಆದರೆ ಹಳೆಯದು ಅನ್ನಲು ಅಡ್ಡಿ ಇಲ್ಲ.

ಒಂದು ತಮಾಷೆಯಲ್ಲದ ತಪ್ಪು ಬಹಳ ಕಡೆ ಆಗಿದೆ, ನೆಗೆಟಿವ್ ತಿರುವುಮುರುವಾಗಿ ಅಚ್ಚಾಗುವುದು. ಆಗ ಊರೇ ಎಡ ಬಲ ಅದಲು ಬದಲಾಗುತ್ತದೆ, ಕಟ್ಟಡ ಗುರುತಿಸುವವರು ದಾರಿ ತಪ್ಪುತ್ತಾರೆ. ಟಿಬೆಟ್ ಚಿತ್ರದಲ್ಲಿ ಇದನ್ನು ಕಂಡುಹಿಡಿಯುವುದು ಸುಲಭ: ಸನ್ಯಾಸಿಗಳು ಬಲಗೈ ಬರಿದಾಗಿ ಬಿಟ್ಟು ಎಡ ಭುಜದ ಮೇಲೆ ವಸ್ತ್ರ ಹೊದೆಯುತ್ತಾರೆ. ನಿಮ್ಮಲ್ಲಿ ಬಲಗೈಯೇ ಬರಿದಾಗಿದೆ. ಸರಿಯಾಗಿದೆ.

ಈಗ ಕಪ್ಪು ಬಟ್ಟೆ. ನಿಮ್ಮ ಅನುಮಾನ ನ್ಯಾಯವಾದದ್ದೇ. ಆ ಬಟ್ಟೆ ಮರೂನ್ ಬಣ್ಣದ್ದೇ, ನೀವು ಮುಂಡಗೋಡದ ಟಿಬೆಟಿಗರ ಊರಿನಲ್ಲಿ ನೋಡುವಂಥದ್ದೇ. ಹಳೆಯ ಪ್ಲೇಟು, ಫಿಲ್ಮುಗಳಿಗೆ ಕೆಂಪು ಬಣ್ಣ ಕಾಣುತ್ತಲೇ ಇರಲಿಲ್ಲ. ಕಣ್ಣಿಗೆ ಕೆಂಪಾದದ್ದು ಅವಕ್ಕೆ ಕತ್ತಲು. ಅದಕ್ಕೇ ಅಲ್ವಾ ಡಾರ್ಕ್‌ರೂಮಿನಲ್ಲಿ ಕೆಂಪು ದೀಪ ಹಾಕಿಕೊಂಡು ಕೆಲಸ ಮಾಡುತ್ತಿದ್ದದ್ದು. ನೀಲಿ ಮಾತ್ರ ಜಾಸ್ತಿ ಹಿಡಿಯುತ್ತಿತ್ತು. ಗ್ಯಾಂತ್ಸೆ ಸುಮಾರು 4,000 ಮೀಟರ್ ಎತ್ತರದಲ್ಲಿದೆ, ಅಲ್ಲಿನ ತೆಳು ಗಾಳಿಯಲ್ಲಿ ಬಿಸಿಲಿಗೆ ನೀಲಿ ಮತ್ತು ಅತಿನೇರಳೆಯ ಅಂಶ ಹೆಚ್ಚು. ಹಾಗಾಗಿ ಆಕಾಶ ಖಾಲಿ ಕಾಗದದ ಹಾಗೆ ಬೆಳ್ಳಗಾಗಿ, ಸನ್ಯಾಸಿಗಳು ಮಸಿಯ ಹಾಗೆ ಕಪ್ಪಾಗಿ ಬಂದರು. ಎಲ್ಲ ಬಣ್ಣಕ್ಕೂ ಸ್ಪಂದಿಸುವ ಪ್ಲೇಟುಗಳು 1906ರಿಂದಲೇ ಮಾರುಕಟ್ಟೆಯಲ್ಲಿದ್ದರೂ ಕೆಂಪು ಕಾಣದ ಫಿಲ್ಮು ಆಮೇಲೂ ಹಲವು ದಶಕ ಅಗ್ಗವಾಗಿ ಸಿಗುತ್ತಿತ್ತು. ಇದರಿಂದ ಹಳೆಯ ಚಿತ್ರ ನೋಡಿ ಟಿಬೆಟ್ ಅಂದರೆ ಕತ್ತಲ ನಾಡು, ಕಪ್ಪು ಬಟ್ಟೆಯ ಲಾಮಾಗಳ ನಾಡು ಅಂದುಕೊಂಡವರಿದ್ದಾರೆ. ನಿಜವಾಗಿ ಆ ಬೀದಿಯಲ್ಲಿ ಬಣ್ಣ ತುಂಬಿತ್ತು: ಹವಳ, ಹಸಿರುನೀಲಿ ಕಲ್ಲು, ಗ್ಯಾಂತ್ಸೆಯ ರತ್ನಗಂಬಳಿಗಳು, ಹಳದಿ ಬೆಣ್ಣೆ.

ಕದಡಿದ ಮುಖಗಳಿಗೂ ಭಯಕ್ಕೂ ಸಂಬಂಧವಿಲ್ಲ. ಸಂತೆಯಲ್ಲಿ ಯಾರು ತಾನೇ ಅಲ್ಲಾಡದೆ ಕೂರುತ್ತಾರೆ? ಶಟರ್ ತೆರೆದಿದ್ದ ಹೊತ್ತಿನಲ್ಲಿ ತಲೆ ತಿರುಗಿಸಿದವರು ಕದಡಿದ್ದಾರೆ, ಸುಮ್ಮನೆ ಕೂತ ಅಜ್ಜಿ ಸ್ಪಷ್ಟವಾಗಿದ್ದಾಳೆ. 'ಕ್ಯಾಮೆರಾ ಆತ್ಮ ಕದಿಯುತ್ತದೆ ಅಂತ ಟಿಬೆಟಿಗರು ಹೆದರಿದರು' ಅನ್ನುವ ಕಥೆಯನ್ನು ಪ್ರಪಂಚದ ಎಲ್ಲ ಮೂಲೆಯ ಜನರ ಬಗ್ಗೆಯೂ ಹೇಳಿದ್ದಾರೆ. 1904ರಲ್ಲಿ ಯಾರಾದರೂ ಮುಖ ತಿರುಗಿಸಿದ್ದರೆ ಕ್ಯಾಮೆರಾ ಹಿಡಿದವನ ಹಿಂದೆ ಬಂದೂಕು ಹಿಡಿದವರಿದ್ದರು, ಅದು ಸಾಕಾಗುವ ಕಾರಣ. ಆಮೇಲಿನ ಕಥೆ ಬೇರೆಯೇ. 13ನೇ ದಲೈ ಲಾಮಾ 1910ರಲ್ಲಿ ಭಾರತಕ್ಕೆ ಬಂದಾಗ ಫೋಟೊ ತೆಗೆಸಿಕೊಂಡರು, ಅವರ ಫೋಟೊಗಳನ್ನು ಭಕ್ತರು ದೇವರ ಗೂಡಿನಲ್ಲಿಟ್ಟು ಪೂಜಿಸಿದರು. ಲ್ಹಾಸಾದ ತ್ಸಾರೊಂಗ್ ಅವರಂಥ ದೊಡ್ಡ ಮನೆತನದವರು ತಾವೇ ಕ್ಯಾಮೆರಾ ಇಟ್ಟುಕೊಂಡಿದ್ದರು. 1920-21ರಲ್ಲಿ ಲ್ಹಾಸಾದಲ್ಲಿದ್ದ ಬ್ರಿಟಿಷ್ ಅಧಿಕಾರಿ ಚಾರ್ಲ್ಸ್ ಬೆಲ್ ಹೆಸರಿನಲ್ಲಿ ಇರುವ ಫೋಟೊಗಳಲ್ಲಿ ಎಷ್ಟೋ ಅವರ ಜೊತೆಗಿದ್ದ ಸಿಕ್ಕಿಂ ಕಡೆಯ ರಬ್ದೆನ್ ಲೆಪ್ಚಾ ತೆಗೆದವು. ಸಾಹೇಬರ ಹೆಸರು ಆಲ್ಬಂ ಮೇಲೆ ಬಂತು, ಕೆಲಸ ಮಾಡಿದವರ ಹೆಸರು ತಡವಾಗಿ ಬಂತು. ಹಾಗಾಗಿ ನಿಮ್ಮ ಫೋಟೊಗೆ ಯಾವುದೋ ದೊಡ್ಡ ಹೆಸರು ಅಂಟಿಸಲು ಬರುವವರನ್ನು ನಂಬಬೇಡಿ. ಕೆಳಗಿನ ಬಿಳಿ ಅಕ್ಷರದ ಪಕ್ಕ ಒಂದು ನಂಬರ್ ಇರುವ ಹಾಗಿದೆ, ಅದು ಸ್ಟುಡಿಯೊದವರು ನೆಗೆಟಿವ್‌ಗೆ ಕೊಟ್ಟ ಸಂಖ್ಯೆ ಇರಬೇಕು. ಅದೇ ನಂಬರಿನ ಇನ್ನೊಂದು ಪ್ರತಿ ಯಾವುದಾದರೂ ಸಂಗ್ರಹದಲ್ಲಿ ಸಿಕ್ಕರೆ ತೆಗೆದವರು ಯಾರು ಅಂತ ಹೇಳಬಹುದು, ಅಲ್ಲಿಯವರೆಗೆ 'ಗೊತ್ತಿಲ್ಲ' ಅಂತ ಬರೆದಿಡುವುದೇ ಸರಿ.

ಹೊಳಪು ಮತ್ತು ಬೂಸ್ಟಿಗೆ ಬರೋಣ. ಕಪ್ಪು-ಬಿಳುಪು ಫೋಟೊ ಅಂದರೆ ಬೆಳ್ಳಿ. ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿಯ ಕಣಗಳು ಜೆಲಾಟಿನ್ ಅನ್ನುವ ತೆಳು ಪದರದಲ್ಲಿ ಕೂತಿರುತ್ತವೆ. ದೇವರ ಬೆಳ್ಳಿ ದೀಪ ಕಪ್ಪಾಗುತ್ತದಲ್ಲ, ಗಾಳಿ ಬೆಳ್ಳಿಯನ್ನು ಕಾಡುತ್ತದೆ, ಇಲ್ಲೂ ಹಾಗೇ. ತೇವ ಮತ್ತು ಗಾಳಿಯಲ್ಲಿನ ರಾಸಾಯನಿಕಗಳು (ಹೊಸ ಪೇಂಟ್, ಪ್ಲೈವುಡ್, ಅಗ್ಗದ ರಟ್ಟು, ವಾಹನದ ಹೊಗೆ) ಸೇರಿ ಬೆಳ್ಳಿಯನ್ನು ಕರಗಿಸಿ ನಿಧಾನವಾಗಿ ಮೇಲಕ್ಕೆ ಎಳೆಯುತ್ತವೆ, ಅದು ಮೇಲ್ಮೈಯಲ್ಲಿ ಮತ್ತೆ ಬೆಳ್ಳಿಯಾಗಿ ಕೂತು ಕನ್ನಡಿಯ ಹಾಗೆ ನೀಲಿಯಾಗಿ ಹೊಳೆಯುತ್ತದೆ. ಗಾಳಿ ಮೊದಲು ಮುಟ್ಟುವುದು ಅಂಚನ್ನು, ಬೆಳ್ಳಿ ಜಾಸ್ತಿ ಇರುವುದು ಕಪ್ಪು ಭಾಗದಲ್ಲಿ. ಅದಕ್ಕೇ ಅಂಚಿನ ಕಪ್ಪಿನಲ್ಲಿ ಹೊಳಪು ಹೆಚ್ಚು. ಅಂದರೆ ನೀವು ಕೊಳೆ ಅಂದುಕೊಂಡಿರುವುದು ಚಿತ್ರವೇ. ಅದನ್ನು ರಬ್ಬರಿನಿಂದ ಉಜ್ಜಿದರೆ ಚಿತ್ರವನ್ನೇ ಉಜ್ಜಿ ತೆಗೆದ ಹಾಗೆ. ಜೊತೆಗೆ ಈ ಹೊಳಪು ಇದು ಹಳೆಯ ಬೆಳ್ಳಿ ಪ್ರಿಂಟ್ ಅನ್ನಲು ಒಳ್ಳೇ ಸಾಕ್ಷಿ. ಚಹಾ ಸವರಿ ಹಳೆಯದಾಗಿಸಿದ ನಕಲಿ ಪ್ರಿಂಟ್‌ಗಳಲ್ಲಿ ಇದು ಬರುವುದಿಲ್ಲ. ಇದನ್ನು ಒರೆಸಿ ಕೊಡಿ ಅಂದವರಿಗೆ ಫೋಟೊ ವಿಷಯ ಎಷ್ಟು ಗೊತ್ತು ಅಂತ ನೀವೇ ಯೋಚಿಸಿ.

ಬೂಸ್ಟು ಇನ್ನೂ ಸೂಕ್ಷ್ಮ. ಜೆಲಾಟಿನ್ ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡಿದ್ದು. ಬೂಸ್ಟಿಗೆ ಅದು ಊಟ. ಗಾಳಿಯ ತೇವ ಶೇಕಡಾ 65 ದಾಟಿದರೆ ಅದು ಬೆಳೆಯಲು ಶುರು ಮಾಡುತ್ತದೆ, ನಿಮ್ಮ ಕಡೆ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಅದಕ್ಕಿಂತ ಮೇಲೇ ಇರುತ್ತದೆ. ಬೂಸ್ಟು ತಿಂದ ಜಾಗದಲ್ಲಿ ಜೆಲಾಟಿನ್ ಮೆತ್ತಗಾಗಿ ನೀರಿಗೆ ಕರಗುವಂತಾಗಿರುತ್ತದೆ. ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿದರೆ ಅಲ್ಲಿನ ಮುಖ, ಬಟ್ಟೆ, ಬುಟ್ಟಿ ಎಲ್ಲ ಬಟ್ಟೆಗೆ ಅಂಟಿಕೊಂಡು ಬರುತ್ತದೆ. ಹಲವು ವರ್ಷದ ಹಿಂದೆ ಒಂದು ಮದುವೆ ಗ್ರೂಪ್ ಫೋಟೊ ನನ್ನ ಬಳಿ ಬಂತು, ಮನೆಯವರು ಪ್ರೀತಿಯಿಂದಲೇ ಒರೆಸಿದ್ದರು, ಮದುಮಗಳ ಮುಖ ಇರಬೇಕಾದಲ್ಲಿ ಬರೀ ಬಿಳಿ ಕಾಗದ ಇತ್ತು. ಅದಕ್ಕೆ ನನ್ನಿಂದ ಏನೂ ಮಾಡಲಾಗಲಿಲ್ಲ.

ಈಗ ಮಾಡಬೇಕಾದ್ದು ಇಷ್ಟು. ಒಣ ಹವೆಯ ದಿನ ಫೋಟೊವನ್ನು ನೆರಳಿನಲ್ಲಿ, ಗಾಳಿ ಆಡುವ ಕೋಣೆಯಲ್ಲಿ ಬಿಳಿ ಕಾಗದದ ಮೇಲೆ ಒಂದೆರಡು ದಿನ ಬಿಡಿ. ಬಿಸಿಲಿಗೆ ಇಡಬೇಡಿ, ಹೇರ್ ಡ್ರೈಯರ್ ಬೇಡ. ಬೂಸ್ಟು ಪೂರ್ತಿ ಒಣಗಿ ಪುಡಿಯಾದ ಮೇಲೆ ಮೂಗಿಗೆ ಮಾಸ್ಕ್ ಹಾಕಿಕೊಂಡು, ಬೆನ್ನಿನ ಕಡೆಯ ಪುಡಿಯನ್ನು ಮಾತ್ರ ಮೆತ್ತನೆಯ ಬ್ರಷ್‌ನಿಂದ, ಪೆನ್ಸಿಲ್ ಬರಹ ಬಿಟ್ಟು, ಮೆಲ್ಲಗೆ ತಳ್ಳಿ. ಚಿತ್ರದ ಕಡೆ ನೀವು ಕೈ ಹಾಕದಿರುವುದೇ ಒಳ್ಳೆಯದು. ಆಮೇಲೆ ಎರಡೂ ಬದಿ ಸ್ಕ್ಯಾನ್ ಮಾಡಿಸಿ, ಗಾಜಿನ ಮೇಲೆ ಮಲಗಿಸಿ ಮಾಡುವ ಸ್ಕ್ಯಾನರ್ ಆಗಬೇಕು, ಕಾಗದ ಎಳೆದುಕೊಳ್ಳುವಂಥದ್ದು ಬೇಡ. ಈ ಅಳತೆಗೆ 1200 ಡಿಪಿಐ, ಟಿಫ್ ಫೈಲು. ಹಿಂದಿನ ಮಠದ ಸಣ್ಣ ವಿವರಗಳು ಬೇಕಾಗಿರುವುದರಿಂದ ಹೇಳುತ್ತಿದ್ದೇನೆ.

ಇಡುವುದಕ್ಕೆ ಆಮ್ಲವಿಲ್ಲದ ಕಾಗದದ ಲಕೋಟೆ, ಅದನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ, ಡಬ್ಬಿಯನ್ನು ಉಕ್ಕಿನ ಬೀರುವಿನಲ್ಲಿ. ಮಳೆ ಹೊಡೆಯುವ ಗೋಡೆಗೆ ತಾಗಿದ ಬೀರು ಬೇಡ. ತೇವ ತೋರಿಸುವ ಸಣ್ಣ ಮೀಟರ್ ಕಡಿಮೆ ಬೆಲೆಗೆ ಸಿಗುತ್ತದೆ, ಒಂದನ್ನು ಡಬ್ಬಿಯಲ್ಲಿ ಹಾಕಿ. 30ರಿಂದ 50ರ ಒಳಗಿದ್ದರೆ ಒಳ್ಳೆಯದು, ಅದಕ್ಕಿಂತ ಕಡಿಮೆಯಾದರೆ ಫೋಟೊ ಸುರುಳಿಯಾಗಿ ಬಿರುಕು ಬಿಡುತ್ತದೆ. ಬೇವಿನ ಸೊಪ್ಪು ಹಾಕಬೇಡಿ, ಅದು ತೇವ ತರುತ್ತದೆ. ನುಸಿಗುಳಿಗೆ ಫೋಟೊದ ಡಬ್ಬಿಯೊಳಗೆ ಬೇಡ. ಮೈದಾ ಅಂಟು, ಸೆಲ್ಲೊ ಟೇಪ್ ಎರಡೂ ಬೇಡವೇ ಬೇಡ.

ಲ್ಯಾಮಿನೇಷನ್ ಬಗ್ಗೆ ಮನೆಯವರಿಗೆ ಇದನ್ನು ಓದಿ ಹೇಳಿ: ಬಿಸಿ ಮಾಡಿದ ಅಂಟು ಜೆಲಾಟಿನ್ ಜೊತೆ ಸೇರಿಹೋಗುತ್ತದೆ, ಮತ್ತೆ ಬಿಡಿಸಲು ಆಗುವುದಿಲ್ಲ. ಒಳಗಿದ್ದ ತೇವ, ಬೂಸ್ಟು ಎಲ್ಲ ಒಳಗೇ ಉಳಿಯುತ್ತವೆ. ಗೋಡೆಗೆ ಹಾಕುವ ಆಸೆ ಇದ್ದರೆ ಸ್ಕ್ಯಾನ್‌ನ ಪ್ರಿಂಟ್ ಹಾಕಿ, ಬೇಕಾದಷ್ಟು ದೊಡ್ಡದು ಮಾಡಿಸಿ.

ನಿಮ್ಮ ಮಗನ ಬಣ್ಣದ ಚಿತ್ರವನ್ನೂ ನೋಡಿದೆ. ಅವನಿಗೆ ಆಸಕ್ತಿ ಬಂದದ್ದು ನನಗೆ ಖುಷಿ. ಆದರೆ ಆ ಸ್ಪಷ್ಟ ಮುಖಗಳು ಆ ಬೀದಿಯಲ್ಲಿ ಕೂತವರ ಮುಖಗಳಲ್ಲ. ಕದಡಿದ ಜಾಗದಲ್ಲಿ ಆ್ಯಪ್ ತನಗೆ ಗೊತ್ತಿರುವ ಬೇರೆ ಮುಖಗಳ ಅಂದಾಜಿನಲ್ಲಿ ಹೊಸ ಮುಖ ಬರೆದಿದೆ. ಸನ್ಯಾಸಿಗಳ ಬಟ್ಟೆ ಕಪ್ಪಾಗಿಯೇ ಉಳಿದಿದೆ, ಅದಕ್ಕೆ ಮೇಲೆ ಹೇಳಿದ ಕೆಂಪಿನ ಕಥೆ ಗೊತ್ತಿಲ್ಲ. ತಂತಿ ಕಂಬದ ಪಿಂಗಾಣಿಯನ್ನು ಕಲೆ ಅಂದುಕೊಂಡು ಅಳಿಸಿಯೂ ಬಿಟ್ಟಿದೆ. ಇಟ್ಟುಕೊಳ್ಳಲಿ, ಹೆಸರಿನಲ್ಲಿ 'ಆ್ಯಪ್ ಬಣ್ಣ' ಅಂತ ಬರೆದಿಟ್ಟುಕೊಳ್ಳಲಿ, ಮೂಲದ ಸ್ಕ್ಯಾನ್ ಜೊತೆ ಬೆರೆಸದಿರಲಿ.

ಮಾರುವುದೋ, ಇಟ್ಟುಕೊಳ್ಳುವುದೋ, ಕೊಡುವುದೋ? ಮಾರುವುದು ತಪ್ಪೇನಲ್ಲ. ಆದರೆ 1904ರ ಲ್ಹಾಸಾ ಅಂತ ಮಾರಿದರೆ ಸುಳ್ಳು ಹೇಳಿ ಮಾರಿದ ಹಾಗೆ, ಮುಂದೆ ಯಾರಾದರೂ ಆ ಗುಡ್ಡದ ಗೋಡೆ ಗುರುತಿಸಿದರೆ ಮಾತು ನಿಮ್ಮ ತಲೆಗೇ ಬರುತ್ತದೆ. ಸ್ಟುಡಿಯೊ ನಂಬರ್ ಇದೆ ಅಂದರೆ ಇದರ ಪ್ರತಿಗಳು ಹಲವು ಇದ್ದಿರಬೇಕು, ಹಾಗಾಗಿ ಬರೀ ಚಿತ್ರಕ್ಕೆ ದೊಡ್ಡ ಬೆಲೆ ಬರುತ್ತದೆ ಅಂತ ನಾನು ಆಸೆ ಹುಟ್ಟಿಸುವುದಿಲ್ಲ. ಹೊರದೇಶದ ಕೊಳ್ಳುವವರು ಕೇಳಿದರೆ ಇನ್ನೂ ಎಚ್ಚರ: 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ 100 ವರ್ಷದ ಮಿತಿ ಇದೆ, ಅದು ದಾಟಿದ ವಸ್ತುವನ್ನು ಕೇಂದ್ರ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟ ಸಂಸ್ಥೆ ಬಿಟ್ಟರೆ ಬೇರೆ ಯಾರೂ ದೇಶದ ಹೊರಗೆ ಕಳಿಸುವ ಹಾಗಿಲ್ಲ. ಕೊಳ್ಳುವವರ ಮಾತು ನಂಬಿ 1904 ಅಂತ ಬರೆದುಕೊಟ್ಟರೆ ನಿಮ್ಮ ಕೈಯಾರೆ ತೊಡಕು ತಂದುಕೊಂಡ ಹಾಗೆ.

ಮನೆಯಲ್ಲೇ ಇಟ್ಟುಕೊಳ್ಳುವುದಾದರೆ ಅಪಾಯ ಒಂದೇ, ಕರಾವಳಿಯ ಮಳೆ. ಅದಕ್ಕೆ ಮೇಲೆ ಹೇಳಿದ ವ್ಯವಸ್ಥೆ ಸಾಕು. ಚಿತ್ರದ ಕಡೆಯ ಬೂಸ್ಟಿಗೆ ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ ಜೊತೆಗಿನ ಇಂಟ್ಯಾಕ್ (ಪರಂಪರೆಯ ವಸ್ತುಗಳನ್ನು ಕಾಪಾಡುವ ಸಂಸ್ಥೆ) ಸಂರಕ್ಷಣಾ ಕೇಂದ್ರದಂಥ ಕಡೆ ವಿಚಾರಿಸಿ. ಯಾರ ಹತ್ತಿರ ಕೊಟ್ಟರೂ ಏನು ಮಾಡುತ್ತೀರಿ, ಅದನ್ನು ಮತ್ತೆ ತೆಗೆಯಬಹುದೇ ಅಂತ ಬರಹದಲ್ಲಿ ಕೇಳಿ. 'ಹೊಸದರ ಹಾಗೆ ಮಾಡಿಕೊಡ್ತೀವಿ' ಅಂದರೆ ವಾಪಸ್ ತನ್ನಿ.

ಕೊಡುವ ಮನಸ್ಸಿದ್ದರೆ ಧರ್ಮಶಾಲೆಯ ಟಿಬೆಟನ್ ಗ್ರಂಥಾಲಯ ಇದೆ, 1970ರಲ್ಲಿ ಶುರುವಾದದ್ದು. ಗ್ಯಾಂಗ್ಟಾಕ್‌ನಲ್ಲಿ ಟಿಬೆಟ್ ಅಧ್ಯಯನದ ನಾಮ್‌ಗ್ಯಾಲ್ ಸಂಸ್ಥೆ ಇದೆ. ಮೂಲವನ್ನು ಕೊಡಲು ಇಷ್ಟವಿಲ್ಲದಿದ್ದರೆ ಸ್ಕ್ಯಾನ್ ಕೊಟ್ಟರೂ ಬಹಳ ದೊಡ್ಡ ಉಪಕಾರ, ಯಾಕೆ ಅಂತ ಹೇಳ್ತೀನಿ. ಪಾಲ್ಖೋರ್ ಚೋದೆಯ ಗೋಡೆಯೊಳಗೆ ಒಂದು ಕಾಲಕ್ಕೆ ಹಲವು ವಿದ್ಯಾಪೀಠಗಳ ಕಟ್ಟಡ ತುಂಬಿದ್ದವು. ಕುಂಬುಂ ಮತ್ತು ಮುಖ್ಯ ದೇವಾಲಯ ಉಳಿದವು, ಮಿಕ್ಕವುಗಳಲ್ಲಿ ಬಹುಪಾಲು 1959ರ ನಂತರದ ವರ್ಷಗಳಲ್ಲೂ ಚೀನಾದ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲೂ ಹೋದವು. ನಿಮ್ಮ ಫೋಟೊದಲ್ಲಿ ಮಸುಕಾಗಿ ಕಾಣುವ ಆ ಚೌಕ ಚೌಕ ಮಾಡುಗಳು ಅವೇ. ಯಾವ ಮಾಡು ಎಲ್ಲಿತ್ತು, ಎಷ್ಟು ಎತ್ತರ ಇತ್ತು ಅಂತ ಲೆಕ್ಕ ಹಾಕುವವರಿಗೆ ಇಂಥ ಒಂದೊಂದು ಫೋಟೊವೂ ಬೇಕು.

ಮುಂಡಗೋಡ ನಿಮ್ಮದೇ ಜಿಲ್ಲೆ. 1966ರಿಂದ ಅಲ್ಲಿ ಟಿಬೆಟಿಗರ ಊರು ಇದೆ. ಒಂದು ಭಾನುವಾರ ಸ್ಕ್ಯಾನ್‌ನ ದೊಡ್ಡ ಪ್ರಿಂಟ್ ತೆಗೆದುಕೊಂಡು ಹೋಗಿ, ತ್ಸಾಂಗ್ ಸೀಮೆಯ ಹಿರಿಯರು ಯಾರಾದರೂ ಇದ್ದಾರಾ ಕೇಳಿ. ಅಂಥ ಹಿರಿಯರು ಈಗ ಬಹಳ ಕಡಿಮೆ ಆಗಿದ್ದಾರೆ. ಬೈಲಕುಪ್ಪೆಗೆ ಹೋಗುವವರಿದ್ದರೆ ಅಲ್ಲಿ ತಾಶಿ ಲ್ಹುನ್ಪೊ ಮಠ ಇದೆ, ಅದರ ಮೂಲ ಶಿಗಾತ್ಸೆ, ಗ್ಯಾಂತ್ಸೆಯ ಪಕ್ಕದ ಪಟ್ಟಣ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಮುಂದಿನ ಸಾಲಿನ ಹೆಂಗಸು ಚರ್ಮದಲ್ಲಿ ಹೊಲಿದ ಉಂಡೆಗಳನ್ನು ಇಟ್ಟುಕೊಂಡಿದ್ದಾಳಲ್ಲ, ಅದು ಬೆಣ್ಣೆ ಅನ್ನುವುದು ನನ್ನ ಊಹೆ. ಟಿಬೆಟಿನಲ್ಲಿ ಬೆಣ್ಣೆಯನ್ನು ತೊಗಲಿನಲ್ಲಿ ಹೊಲಿದು ಸಂತೆಗೆ ತರುತ್ತಿದ್ದರು. ನನ್ನ ಊಹೆಗೆ ಆಧಾರ ಪುಸ್ತಕದ ಓದು, ಅವರದ್ದು ಕಣ್ಣಾರೆ ಕಂಡದ್ದು. ನಿಮ್ಮ ಅಜ್ಜನ ಪೆನ್ಸಿಲ್ ಸಾಲು ಕೂಡ ಕಣ್ಣಾರೆ ಕಂಡವರ ಮಾತು. ಅಲ್ಲಿ ಬೆಣ್ಣೆ ಕೊಂಡ ಒಬ್ಬ ಕನ್ನಡಿಗನ ಕೈಬರಹ ಇರುವ ಇನ್ನೊಂದು ಪ್ರತಿಯನ್ನು ನಾನು ನೋಡಿಲ್ಲ. ಅದನ್ನು ಅಳಿಸಿದರೆ ಉಳಿಯುವುದು ತಪ್ಪು ಹೆಸರಿನ ಒಂದು ಅಂಗಡಿ ಕಾರ್ಡು.

ಕೊನೆಗೆ ಒಂದು ಕೆಲಸ ಹೇಳ್ತೀನಿ. ಆ ತಗಡಿನ ಪೆಟ್ಟಿಗೆಯನ್ನು ಇನ್ನೊಮ್ಮೆ ಪೂರ್ತಿ ನೋಡಿ, ಅಮ್ಮನನ್ನೂ ಕೇಳಿ, ಅಜ್ಜ ಅಲ್ಲಿಂದ ಬರೆದ ಕಾಗದಗಳು ಇರಬಹುದು. ಗ್ಯಾಂತ್ಸೆಯಲ್ಲಿದ್ದ ನಮ್ಮ ಅಂಚೆ ಕಚೇರಿಯನ್ನು 1955ರಲ್ಲಿ ಚೀನಾಕ್ಕೆ ವಹಿಸಿಕೊಡುವ ತನಕ ಭಾರತದ ಸ್ಟ್ಯಾಂಪುಗಳ ಮೇಲೆ ಗ್ಯಾಂತ್ಸೆಯ ಮೊಹರು ಬೀಳುತ್ತಿತ್ತು. 1954ರ ಜುಲೈನಲ್ಲಿ ಅಲ್ಲಿ ದೊಡ್ಡ ನೆರೆ ಬಂದು ಭಾರತದ ವ್ಯಾಪಾರ ಪ್ರತಿನಿಧಿಯ ಕಚೇರಿಯೇ ಕೊಚ್ಚಿಹೋಯಿತು, ಹಾಗಾಗಿ ಅಲ್ಲಿನ ದಿನಗಳ ಬಗ್ಗೆ ಮನೆಗಳಲ್ಲಿ ಉಳಿದ ಕಾಗದಗಳಿಗೆ ತೂಕ ಜಾಸ್ತಿ. ಕವರು ಸಿಕ್ಕರೆ ಸ್ಟ್ಯಾಂಪ್ ಕೀಳಬೇಡಿ, ಕವರಿನಿಂದ ಕಾಗದ ಬೇರೆ ಮಾಡಿದರೆ ಯಾವುದರೊಳಗೆ ಯಾವುದು ಇತ್ತು ಅಂತ ಬರೆದಿಡಿ. ಮೊಹರಿನ ತಾರೀಕು ಓದಲು ಬಂದರೆ ಅದನ್ನೂ, ನೇರಳೆ ದೀಪದಲ್ಲಿ ಫೋಟೊದ ಬೆನ್ನು ಹೇಗೆ ಕಂಡಿತು ಅನ್ನುವುದನ್ನೂ ನನಗೆ ಬರೆಯಿರಿ.